ಕೋಲ್ಡ್ ರೂಮಿನ ಕಿತ್ತಳೆ

ಭಾನುವಾರ ಮಂಗಳಾಳ ಮುಡಿಗೆಂದು ತಂದ ಹೂವನ್ನು ಅವಳ ತಂಗಿ ಸುಧಾಳಿಗೆ ಮುಡಿಸಿದರು.

ಹೂ ತಂದವಳು ಸೋದರತ್ತೆ ಕೊಂಡಮ್ಮ. ಅವಲಪಲ್ಲಿಯಿಂದ ಐದು ಜನ ಮುತ್ತೈದೆಯರನ್ನು ಕಟ್ಟಿಕೊಂಡು ಬಂದಿದ್ದಳು. ಹೂ ಮುಡಿಸುವ ಶಾಸ್ತ್ರಕ್ಕೆ ಗಂಡು ಬರುವ ವಾಡಿಕೆ ಇಲ್ಲ. ಹಾಗಾಗಿ ಕೊಂಡಮ್ಮನ ಮಗ ವೇಣು ಬಂದಿರಲಿಲ್ಲ. ಬೆಳಿಗ್ಗೆಯೇ ಅವ್ವ ಪಾಪಮ್ಮ ಮಂಗಳಾಳಿಗೆ ಎಣ್ಣೆ ತಿಕ್ಕಿ, ಹಂಡೆಯ ಸುಡುನೀರು ಹುಯ್ದಿದ್ದಳು. "ನರ ಸಡ್ಲ ಆಗ್ಲಿ, ಅತ್ತೆ ಮುಂದೆ ನೆಟ್ಟಗೆ ನಡೀವಂತೆ."

ಬಿಸಿ ಕೂಡದು ಎಂದು ಬೆಂಗಳೂರಿನ ಡಾಕ್ಟರು ಎಂಟು ವರ್ಷದಿಂದ ಹೇಳುತ್ತಿದ್ದರು. ಬಚ್ಚಲಿನಿಂದ ಎದ್ದಾಗ ಕಣ್ಣಿಗೆ ಮಂಜು, ಕಾಲಿಗೆ ಮರಳು ಮೂಟೆ. ಪಾನಕದ ತಟ್ಟೆ ಅತ್ತೆಯ ಮಡಿಲಿಗೇ ಬಿತ್ತು. ಕೊಂಡಮ್ಮ ಸೀರೆ ಕೊಡವಿಕೊಂಡು ಬಾಗಿಲ ಸಂದಿಯಲ್ಲಿ ನಿಂತಿದ್ದ ಸುಧಾಳನ್ನು ಕರೆದಳು. "ತಂದ ಹೂವ ವಾಪಸ್ ಒಯ್ಯಕಾಯ್ತದಾ? ಬಾ, ನೀನು ಕೂತ್ಕೊ."

ಕಾಯಿಲೆ ಬಂದಾಗ ಮಂಗಳಾಳಿಗೆ ಹದಿಮೂರು. ಎಂಟನೇ ಕ್ಲಾಸಿನಲ್ಲಿ ಒಂದು ಕಣ್ಣು ಮಸುಕಾಗಿ ಬೋರ್ಡು ಕಾಣದಾದಾಗ, ನಾಟಕ ಆಡುತ್ತಾಳೆ ಎಂದು ಮೇಷ್ಟ್ರು ಬಿಸಿಲಲ್ಲಿ ನಿಲ್ಲಿಸಿದರು. ಬಿಸಿಲು ಏರಿದಂತೆ ಇನ್ನಷ್ಟು ಕತ್ತಲಾಯಿತು. ಮಕ್ಕಳಿಗೂ ಇಂಥದ್ದು ಬರುತ್ತದೆಂದು ಯಾರಿಗೂ ತೋಚಲಿಲ್ಲ. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಹೆಸರು ಸಿಗಲು ಎರಡು ವರ್ಷ ಹಿಡಿಯಿತು. ರೋಗ ತಡೆಯಬೇಕಾದ ಮೈಯ ಕಾವಲೇ ನರದ ಹೊದಿಕೆಯನ್ನು ತಿನ್ನುತ್ತದೆ ಎಂದು ಡಾಕ್ಟರು ವಿವರಿಸಿದ್ದು ಮನೆಯವರ ತಲೆಗೆ ಹೋಗಲಿಲ್ಲ. ವೇಣುವಿಗೆ ಮಾತ್ರ ತಟ್ಟನೆ ಹೊಳೆದಿತ್ತು. "ವೈರ್ ಮೇಲಿನ ಇನ್ಸುಲೇಷನ್ ಸುಲ್ದಂಗೆ, ಅಷ್ಟೇ ತಾನೆ? ಒಳಗಿನ ಕರೆಂಟ್ ಚೆನ್ನಾಗೇ ಐತೆ."

ತೊರಪಲ್ಲಿ ಹತ್ತಿರದ ಗುಲಾಬಿ ಫಾರಂನಲ್ಲಿ ಅವನು ಕೋಲ್ಡ್ ರೂಮಿನ ಮೆಷಿನ್ ನೋಡಿಕೊಳ್ಳುತ್ತಿದ್ದ. ಮಂಗಳಾ ಅಲ್ಲೇ ಹೂವಿನ ಕಡ್ಡಿ ಅಳೆದು, ಇಪ್ಪತ್ತಿಪ್ಪತ್ತು ಸೇರಿಸಿ ಕಟ್ಟು ಕಟ್ಟುತ್ತಿದ್ದಳು. ಬೇರೆ ಹೆಂಗಸರು ಕಟ್ಟು ಜೋಡಿಸಲು ಆ ಥಂಡಿಗೆ ಹೋದರೆ ಹತ್ತೇ ನಿಮಿಷಕ್ಕೆ ಹಲ್ಲು ಕಡಿಯುತ್ತ ಓಡಿ ಬರುತ್ತಿದ್ದರು. ಮಂಗಳಾ ಹೊರಗೆ ಬರಲು ಒಲ್ಲಳು.

ಅಲ್ಲಿ ಕಣ್ಣಿನ ಮಂಜು ಕರಗುತ್ತಿತ್ತು. ಕೆಂಪು ಕೆಂಪಾಗಿಯೇ ಕಾಣುತ್ತಿತ್ತು. ವೇಣುವಿನ ಎಡಹುಬ್ಬಿನ ಮೇಲಿನ ಗಾಯದ ಗೀಟು, ನಕ್ಕರೆ ಒಂದೇ ಪಕ್ಕ ಏಳುವ ಮೀಸೆ, ಅವಳು ನೋಡಿದ್ದು ಅಲ್ಲಿಯೇ. ಹೊರಗೆ ಬಂದರೆ ಅವನೊಂದು ದನಿ, ಒಂದು ನೀಲಿ ಅಂಗಿ. ಮನೆಯಲ್ಲಿ ಕರೆಂಟ್ ಹೋಗುವುದು ಹೆಚ್ಚೆಂದು ಅವಳ ಇಂಜೆಕ್ಷನ್ ಡಬ್ಬಗಳನ್ನೂ ಗುಲಾಬಿಗಳ ಮಗ್ಗುಲಲ್ಲೇ ಇಡುತ್ತಿದ್ದ. "ನಿನ್ ಮದ್ದು ನನ್ ಹತ್ರ ಇದ್ರೆ, ಮುನಿಸ್ಕೊಂಡ್ರೂ ಬಂದೇ ಬತ್ತೀಯ."

ಈಗ ಆ ಮುಖವನ್ನು ಸುಧಾ ನಡುಮಧ್ಯಾಹ್ನದ ಬಿಸಿಲಲ್ಲಿ ನೋಡಬಲ್ಲಳು. ಬಸ್ ಸ್ಟಾಪಿನಲ್ಲಿ, ಅಂಗಳದಲ್ಲಿ, ಬೇಕೆಂದಾಗಲೆಲ್ಲ. ಹೂ ಹೋದ ಸಂಕಟಕ್ಕಿಂತ ಇದು ಮಂಗಳಾಳನ್ನು ಹೆಚ್ಚು ಉರಿಸಿತು.

ಸೋಮವಾರ ಸುಧಾ ಮನೆಗೆ ತಡವಾಗಿ ಬಂದಳು. ಅವಳ ಬೆರಳಲ್ಲಿ ಕಿತ್ತಳೆ ಹಣ್ಣಿನ ವಾಸನೆ.

ಮಂಗಳವಾರ ಕೋಲ್ಡ್ ರೂಮಿನಲ್ಲಿ ವೇಣುವಿನ ಜಾಕೆಟ್ಟಿನಲ್ಲೂ ಅದೇ ವಾಸನೆ. ಮಂಗಳಾ ಅವನತ್ತ ತಿರುಗದೆ ಹೊರಗೆ ಬಂದಳು.

ಗುರುವಾರ ಫಾರಂ ಶೆಡ್ಡಿನ ಹಿಂದೆ ವೇಣುವಿನ ಬೈಕು, ನೀಲಿ ಅಂಗಿ, ಹಳದಿ ವೇಲು. ಮಸುಕಿನಲ್ಲಿ ಎರಡು ತಲೆಗಳು ಒಂದೇ ಆಗಿದ್ದವು. ಸುಧಾಳ ನಗು ಮಾತ್ರ ಗಾಜಿನಷ್ಟು ಸ್ಪಷ್ಟವಾಗಿ ಕೇಳಿಸಿತು. ಆ ರಾತ್ರಿ ಅವಳು ತಂಗಿಗೆ ಬೆನ್ನು ಹಾಕಿ ಮಲಗಿದಳು.

ಶುಕ್ರವಾರ ಇಂಜೆಕ್ಷನ್ನಿನ ದಿನ. ಮಂಗಳಾ ಕೋಲ್ಡ್ ರೂಮಿನ ಬಾಗಿಲು ತಳ್ಳಿ ಒಳಹೊಕ್ಕಳು.

"ನನ್ ಡಬ್ಬ ಎಲ್ಲ ಕೊಟ್ಬುಡು ಬಾವ. ಇನ್ಮೇಲೆ ಇಲ್ಲಿ ಬ್ಯಾಡ."

"ಯಾಕೆ, ನಮ್ ಗುಲಾಬಿ ಏನಾದ್ರೂ ಅಂದ್ವಾ?"

"ಹಳದಿ ವೇಲ್ ಅಂತು. ಚೆನ್ನಾಗೈತಾ ಅವಳ ಕೈಲಿ ಕಿತ್ತಳೆ ತಿನ್ನಾದು? ಸುಲ್ದೂ ಕೊಡ್ತಾಳಾ?"

ವೇಣು ಅವಳನ್ನೇ ನೋಡಿದ. ಮೀಸೆ ಒಂದು ಪಕ್ಕ ಎದ್ದಿತು.

"ನಗ್ಬ್ಯಾಡ. ಈ ಥಂಡೀಲಿ ನಂಗೆ ಎಲ್ಲಾ ಕಾಣ್ತದೆ."

ಅವನು ಜೇಬಿನಿಂದ ಒಂದು ಕಿತ್ತಳೆ ತೆಗೆದು ಅವಳ ಅಂಗೈಗಿಟ್ಟ. ಸಿಪ್ಪೆಯ ತುಂಬ ಸೂಜಿ ಚುಚ್ಚಿದ ತೂತುಗಳು.

"ಸೂಜಿ ಹಾಕೋದು ಕಲೀತಿದ್ದೀನಿ ಕಣೇ. ಇಷ್ಟು ದಿನ ನಿಂಗೆ ಹಾಕ್ತಿರೋ ಸುಧಾನೇ ಟೀಚರ್. ಇದು ಒಂಬತ್ತನೇ ಹಣ್ಣು. ನನಗೆ ಮಂಗಳಾನೇ ಬೇಕು ಅಂದೆ. ಅದಕ್ಕೆ ನಮ್ಮವ್ವ, ಮದ್ವೆ ಆದ್ಮೇಲೆ ಅವಳಿಗೆ ವಾರವಾರ ಸೂಜಿ ಹಾಕೋರು ಯಾರ್ಲಾ ಅಂದ್ಲು. ನನ್ ಕೈಲೇ ಹಾಕಿ ತೋರಿಸ್ತೀನಿ ಅಂತ ಬಂದೆ."

ಮಂಗಳಾಳ ಕಣ್ಣು ತುಂಬಿತು. ಮರುಕ್ಷಣವೇ ಸಿಟ್ಟು ಬಂತು.

"ಸೂಜಿ ನಂದು, ಮೈ ನಂದು. ಪಾಠ ಮಾತ್ರ ನಿಮ್ಮಿಬ್ರದು! ಒಂದ್ಸಲ ನನ್ನ ಕೇಳ್ದಾ? ಒಬ್ರು ನನ್ ಹೂವ ಕಿತ್ಕೊಂಡ್ರು, ಇನ್ನೊಬ್ರು ನನ್ನ ಬಿಟ್ಟು ನನ್ನ ಬಗ್ಗೆನೇ ಮಾತಾಡ್ಕೊಂಡ್ರು."

ವೇಣು ತಲೆ ತಗ್ಗಿಸಿದ. "ತಪ್ಪಾಯ್ತು. ಈಗ ಕೇಳ್ತೀನಿ. ನಿಂಗೆ ನಾನು ಬೇಕಾ?"

ಅವಳು ಕಿತ್ತಳೆಯನ್ನು ಮೂಸಿದಳು. "ಅವಳನ್ನ ಇನ್ನೊಂದ್ಸಲ ಬೈಕಲ್ಲಿ ಕೂರಿಸ್ಕೊಂಡ್ರೆ ಎರಡೂ ಟೈರ್ ಗಾಳಿ ಬಿಡ್ತೀನಿ."

"ಹಂಗಾದ್ರೆ ಬೇಕು ಅಂತಲೇ."

"ಹಾಕು ನೋಡಾಣ, ಟೀಚರ್ ಏನ್ ಕಲಿಸವ್ಳೆ ಅಂತ." ರವಿಕೆಯ ತೋಳು ಮಡಚಿದಳು.

"ಸುಧಾ ತೊಡೆಗೆ ಅಂತ ಹೇಳ್ಕೊಟ್ಟಿದ್ಲು..."

"ಮದ್ವೆ ತನಕ ತೋಳೇ ಸಾಕು."

ವೇಣುವಿನ ಕಿವಿ ಕೆಂಪಾದದ್ದು ಅವಳಿಗೆ ಕಂಡಿತು. ಅವನು ಮದ್ದನ್ನು ಅಂಗೈಗಳ ನಡುವೆ ಹಿಡಿದು ತಣುಪು ಬಿಡಿಸಿದ. ಸೂಜಿ ಎತ್ತಿದಾಗ ಅವನ ಕೈ ನಡುಗಿತು. ಹತ್ತು ವರ್ಷ ತನ್ನ ಕೈಯ ನಡುಕ ಕಂಡವಳು, ಅವನ ಮಣಿಕಟ್ಟನ್ನು ಮೆಲ್ಲಗೆ ಹಿಡಿದು ನಿಲ್ಲಿಸಿದಳು.

ಮುಂದಿನ ಭಾನುವಾರ, ಮಗನ ಮಾತಿಗೆ ಕಿವಿಗೊಡದೆ, ಕೊಂಡಮ್ಮ ವೀಳ್ಯದ ತಟ್ಟೆ ಹೊತ್ತು ಬಂದಳು. ಅಕ್ಕನಿಗಿಂತ ಮೊದಲು ತಂಗಿಗೆ ಮದುವೆ ಆಗಬೇಕಾದರೆ, ಅಕ್ಕನೇ ತಂಗಿಯ ಕೈಗೆ ವೀಳ್ಯ ಕೊಡಬೇಕು. ಅದು ಅವರ ಕಡೆಯ ಕಟ್ಟಲೆ.

"ನೀರು ಕಾದೈತೆ, ಬಾರೇ," ಎಂದು ಅವ್ವ ಬಚ್ಚಲಿನಿಂದ ಕರೆದಳು. ಮಂಗಳಾ ಹಿತ್ತಲ ತೊಟ್ಟಿಗೆ ಹೋಗಿ ನಾಲ್ಕು ಚೊಂಬು ತಣ್ಣೀರನ್ನು ತಲೆಯ ಮೇಲೆ ಸುರಿದುಕೊಂಡಳು. ಒದ್ದೆಕೂದಲಲ್ಲೇ ನಡುಮನೆಗೆ ನಡೆದಳು. ಕಾಲು ಅವಳ ಮಾತು ಕೇಳಿತು.

ವಾಡಿಕೆ ಮೀರಿ ಬಂದ ವೇಣು ಹೊಸಿಲಲ್ಲಿ ನಿಂತಿದ್ದ. ಅವನ ಬೆನ್ನಿಗೆ ಬಿಸಿಲು. ಹುಬ್ಬಿನ ಮೇಲಿನ ಗೀಟು ಕಂಡಿತು. ಕೋಲ್ಡ್ ರೂಮಿನ ಹೊರಗೆ, ಮೊದಲ ಸಲ. ಅವನು ಬಾಯಿ ತೆರೆಯಲಿದ್ದ. ಅವಳು ಕೈ ಎತ್ತಿ ತಡೆದಳು. ಇದು ಅವಳ ಮಾತು.

ಕೊಂಡಮ್ಮ ವೀಳ್ಯವನ್ನು ಅವಳ ಕೈಗೆ ತುರುಕಿದಳು. ಎದುರಿಗೆ ಸುಧಾ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು.

"ಕೊಡೇ ತಂಗಿ ಕೈಗೆ. ಹೊತ್ತು ಮೀರ್ತದೆ."

ಮಂಗಳಾ ವೀಳ್ಯವನ್ನು ಎದೆಗೆ ಒತ್ತಿಕೊಂಡಳು.

"ಕೊಡಲ್ಲ, ಅತ್ತೆ."