ಗುಲ್ಸುಂ ಖಾಲಿ ಬಿಟ್ಟ ಹೂವು

“ಆ ಸೂಜೀನ ಮಾತ್ರ ಮುಟ್ಟಬೇಡ,” ಅಂದಳು ಅತ್ತೆ ರಿಸಾಲತ್. “ಧೂಳು ಹೊಡಿ, ಗೋಡೆ ಒರೆಸು, ಬೇಕಾದ್ದು ಮಾಡು. ಆ ಹೂವು ಹೆಂಗಿದೆಯೋ ಹಂಗೇ ಇರ್ಲಿ.”

ಮಸ್ತೂರಾ ನಕ್ಕುಬಿಟ್ಟಳು. ಎರಡನೇ ಹೆಂಡತಿಯಾಗಿ ನುರಾತಾ ಊರಿನ ಈ ಮನೆಗೆ ಬಂದು ಇನ್ನೂ ವಾರ ತುಂಬಿರಲಿಲ್ಲ. ಹೊಸ ಸೊಸೆ ಅತ್ತೆಯ ಎದುರು ಹಲ್ಲು ಕಾಣುವಂತೆ ನಗಬಾರದು ಅನ್ನುವುದೂ ಮರೆತುಹೋಯಿತು. ಬುಖಾರಾದ ಔಷಧದಂಗಡಿಯಲ್ಲಿ ಕೂತು, ಮಂತ್ರಿಸಿದ ನೀರು ಕುಡಿದು ಹೊಟ್ಟೆ ಕೆಡಿಸಿಕೊಂಡವರಿಗೆಲ್ಲ ಮಾತ್ರೆ ಕೊಟ್ಟು ಕಳಿಸಿದವಳು ಅವಳು. ಮುಟ್ಟಿದರೆ ಸೂಜಿಯೇನು ಕಚ್ಚುತ್ತದೆಯೇ ಎಂದು ಕೇಳಿದಳು. ರಿಸಾಲತ್ ಕೆಂಡದ ಮೇಲೆ ದೃಷ್ಟಿ ತೆಗೆಯುವ ಇಸಿರಿಕ್ ಗಿಡದ ಒಣಸೊಪ್ಪು ಉದುರಿಸಿ, ಆ ಕಹಿ ಹೊಗೆಯನ್ನು ಕೋಣೆಯ ಮೂಲೆಮೂಲೆಗೂ ಹಿಡಿದು ಹೊರಟುಹೋದಳು.

ಗೋಡೆಯ ತುಂಬ ಹರಡಿತ್ತು ಆ ಸುಜನಿ, ಕಸೂತಿಯ ದೊಡ್ಡ ಬಟ್ಟೆ. ಹೆಣ್ಣು ಹುಟ್ಟಿದ ವರ್ಷವೇ ಅವಳ ಮದುವೆಯ ಹಾಸಿಗೆಗೆಂದು ತಾಯಿ ಕಸೂತಿಗೆ ಕೂರುವುದು ಅಲ್ಲಿನ ಎಲ್ಲ ಮನೆಗಳ ನಡೆ. ಮಗಳ ಬಾಳು ಮುಗಿಯದೆ ಸಾಗಲಿ ಅಂತ ಎಲ್ಲೋ ಒಂದು ಎಲೆಯನ್ನು ಖಾಲಿ ಬಿಡುವುದೂ ಅಷ್ಟೇ ಹಳೆಯ ನಡೆ. ಆದರೆ ಈ ಮನೆಯ ಮೊದಲ ಸೊಸೆ ಗುಲ್ಸುಂ ಎಲೆ ಬಿಟ್ಟಿರಲಿಲ್ಲ, ನಟ್ಟನಡುವಿನ ದೊಡ್ಡ ಹೂವನ್ನೇ ಬಿಟ್ಟು ಸತ್ತಿದ್ದಳು. ಹೂವಿನ ಗೆರೆ ಇತ್ತು, ಒಳಗೆ ಬಣ್ಣವಿರಲಿಲ್ಲ. ಕೆಂಪು ದಾರ ಪೋಣಿಸಿದ ಸೂಜಿ ಬಟ್ಟೆಗೆ ಚುಚ್ಚಿದಂತೆಯೇ ಇತ್ತು. ಅದರ ಕೆಳಗೆ ಗುಲ್ಸುಂಳ ಮಗಳು ಮುನೀರಾ ದಿನವಿಡೀ ಗೋಡೆಗೊರಗಿ ಕೂತಿರುತ್ತಿದ್ದಳು. ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ತಾಯಿಯ ಹೆಣ ಅಂಗಳ ದಾಟಿದ ಮೇಲೆ ಆ ಮಗು ಒಂದೇ ಒಂದು ಮಾತಾಡಿರಲಿಲ್ಲ.

ಆ ಮಗುವನ್ನು ನೋಡಿಯೇ ಮಸ್ತೂರಾ ಈ ಮದುವೆಗೆ ಒಪ್ಪಿದ್ದು. ಯಾರೂ ಕೇಳಲಿಲ್ಲ, ಅವಳೂ ಹೇಳಲಿಲ್ಲ. ಗಂಡ ಶಾದಿಯೋರ್ ಅಮೃತಶಿಲೆಯ ಗಣಿಯಲ್ಲಿ ದುಡಿದು ವಾರಕ್ಕೊಮ್ಮೆ ಬರುವವನು; ಉಣ್ಣುವಾಗಲೂ ಅವನ ಕಣ್ಣು ಗೋಡೆಯ ಮೇಲೆಯೇ. ನೆರೆಯ ಹೆಂಗಸರಂತೂ ಚಹಾಕ್ಕೆ ಬಂದಾಗಲೆಲ್ಲ ಗುಲ್ಸುಂಳ ಕೈ, ಗುಲ್ಸುಂಳ ಪಲಾವು, ಗುಲ್ಸುಂಳ ನಡೆನುಡಿ ಎಂದು ಜಪ ಮಾಡುತ್ತಿದ್ದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಅನ್ನುವುದು ಸುಳ್ಳಲ್ಲ. ಮಾತ್ರೆ ಎಣಿಸುವ ಕೈಗೆ ಹೂ ಅರಳಿಸಲು ಬಂದೀತೇ ಎಂದು ಅವರಲ್ಲೊಬ್ಬಳು ಕೆಣಕಿದ ದಿನ ಮಸ್ತೂರಾಳ ಮೈ ಉರಿದುಹೋಯಿತು.

ಮರುದಿನ ಮಧ್ಯಾಹ್ನ ಹಿಮ ಬೀಳುತ್ತಿತ್ತು, ಕರೆಂಟು ಹೋಗಿತ್ತು, ಅತ್ತೆ ಯಾರದೋ ಸಾವಿನ ಮನೆಗೆ ಹೋಗಿದ್ದಳು. ಈ ಬಟ್ಟೆಯೇ ಮನೆಯ ರೋಗ, ಇದು ಮುಗಿದರೆ ಸೂತಕವೂ ಮುಗಿಯುತ್ತದೆ ಎಂದು ಮಸ್ತೂರಾ ತನಗೆ ತಾನೇ ಹೇಳಿಕೊಂಡು ಸೂಜಿ ಎಳೆದಳು. ದಾರದಲ್ಲಿ ರೇಷ್ಮೆಯೊಂದೇ ಇರಲಿಲ್ಲ. ಅದರ ಜೊತೆ ಉದ್ದನೆಯ ಕಪ್ಪು ಕೂದಲು ಹುರಿಗೊಂಡಿತ್ತು. ತಲೆ ಬಾಚುವಾಗ ಸೇರಿರಬೇಕು ಅಂದುಕೊಂಡಳು. ಮೊದಲ ಹೊಲಿಗೆಗೇ ಸೂಜಿ ಬೆರಳಿಗೆ ನೆಟ್ಟು ರಕ್ತದ ಹನಿಯೊಂದು ಬಟ್ಟೆಗೆ ಇಳಿಯಿತು. ಎಲ್ಲಿಂದಲೋ ಜ್ವರದ ಬೆವರಿನ ವಾಸನೆ ಬಂತು. ಕಿತ್ತ ಗುಂಡಿ ಹೊಲಿಯಲೂ ತಡವರಿಸುತ್ತಿದ್ದ ಅವಳ ಕೈ ಆಮೇಲೆ ನಿಲ್ಲಲೇ ಇಲ್ಲ.

ಮೊದಲ ದಳ ತುಂಬುವ ಹೊತ್ತಿಗೆ ಮುನೀರಾ ಸರಿದು ಬಂದು ಅವಳ ತೊಡೆಯ ಮೇಲೆ ತಲೆಯಿಟ್ಟಳು. ಎರಡನೆಯದು ತುಂಬಿದಾಗ ಅಮ್ಮಾ ಅಂದಳು. ಮಸ್ತೂರಾ ಬಿಕ್ಕಿಬಿಕ್ಕಿ ಅತ್ತಳು. ಅಷ್ಟು ಸುಖ ಅವಳ ಬಾಳಿನಲ್ಲಿ ಎಂದೂ ಬಂದಿರಲಿಲ್ಲ.

ಆಮೇಲೆ ದಿನಕ್ಕಿಷ್ಟು ಹೂವು ತುಂಬಿದಂತೆ ಅವಳ ನೆನಪು ಒಂದೊಂದಾಗಿ ಕಳಚಿತು. ದಿನವೂ ಕೊಡುತ್ತಿದ್ದ ಔಷಧಗಳ ಹೆಸರು ನಾಲಿಗೆಗೆ ಬರಲಿಲ್ಲ. ಬುಖಾರಾದಲ್ಲಿ ತಾನು ಆಡಿದ ಬೀದಿ ಅಳಿಸಿತು. ಸತ್ತ ಅಪ್ಪನ ಮುಖ ಮಸುಕಾಯಿತು. ಶಾದಿಯೋರ್ ಒಮ್ಮೆ ಗುಲ್ಸುಂ ಎಂದು ಕರೆದ, ಅವಳು ಓಗೊಟ್ಟಳು, ಇಬ್ಬರಿಗೂ ಅದು ತಪ್ಪೆನಿಸಲಿಲ್ಲ. ಒಂದು ಬೆಳಿಗ್ಗೆ ಹಿಟ್ಟು ನಾದುತ್ತಿದ್ದಾಗ ಮುನೀರಾಳನ್ನು ಹೆತ್ತ ನೋವು ನೆನಪಿಗೆ ಬಂತು. ಸೊಂಟ ಸೀಳಿದಂಥ ನೋವು. ಮಸ್ತೂರಾ ಎಂದೂ ಹೆತ್ತಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಕತ್ತರಿ ಹಿಡಿದು ಗೋಡೆಯತ್ತ ಓಡಿದಳು. ಒಂದೇ ದಳ ಉಳಿದಿತ್ತು. ರಿಸಾಲತ್ ಅಡ್ಡ ಬರಲಿಲ್ಲ, ಬಾಗಿಲಲ್ಲೇ ಕೂತಳು.

“ಬಿಚ್ಚು, ತಾಯಿ. ಬಿಚ್ಚಿದ್ರೆ ನಿಂದೆಲ್ಲಾ ನಿಂಗೆ ವಾಪಸ್ ಬರ್ತದೆ. ಆ ಮಗು ಮಾತ್ರ ಮತ್ತೆ ಬಾಯಿ ಬಿಡಲ್ಲ.”

“ಯಾರು ಮಾಡಿದ್ದು ಇದನ್ನ?”

“ಅವಳೇ. ಸಾಯ್ತೀನಿ ಅಂತ ಗೊತ್ತಾದ ಮೇಲೆ. ಮಲತಾಯಿ ಕೈಗೆ ಮಗೂನ ಹೆಂಗೆ ಕೊಡ್ಲಿ ಅತ್ತೆ ಅಂತ ಕಾಲು ಹಿಡ್ಕೊಂಡ್ಳು. ಮಾಟ ಮಾಡೋಳ ಹತ್ರ ನಾನೇ ಕರ್ಕೊಂಡು ಹೋದೆ. ಹೂವು ತುಂಬೋಳು ಯಾರೇ ಆಗ್ಲಿ, ಅವಳು ಗುಲ್ಸುಂ ಆಗ್ಬಿಡ್ಬೇಕು ಅಂತ ಮಾಟ ಕಟ್ಟಿಸಿಕೊಂಡ್ಳು.”

“ಮತ್ತೆ ಮುಟ್ಟಬೇಡ ಅಂದ್ರಲ್ಲಾ ನೀವು.”

ರಿಸಾಲತ್ ತಲೆ ಎತ್ತಲಿಲ್ಲ. “ಬೇಡ ಅಂದ್ರೆ ಮಾಡೋಳು ನೀನು. ಬಂದ ದಿನಾನೇ ಗೊತ್ತಾಯ್ತು.”

ಮಸ್ತೂರಾ ಗೋಡೆಯಿಂದ ಅವಳ ಕಡೆ ತಿರುಗಿದಳು. “ನಾನು ಹಂಗೇನೇ ಸಾಕ್ತಿದ್ದೆನಲ್ಲ, ಅತ್ತೆ. ಏನೂ ಮಾಡ್ದೇ ಇದ್ರೂ ಸಾಕ್ತಿದ್ದೆ. ಒಂದು ಮಾತು ಕೇಳಬಾರದಿತ್ತಾ?”

ಅವಳು ಕತ್ತರಿಯ ಬಾಯಿ ತೆರೆದು ದಾರಕ್ಕೆ ಹಿಡಿದಳು. ಒಳಕೋಣೆಯಿಂದ ಮುನೀರಾ ಓಡಿ ಬಂದು ಹಿಂದಿನಿಂದ ತಬ್ಬಿದಳು. ಬೆನ್ನಿಗೆ ಒತ್ತಿದ ಆ ಪುಟ್ಟ ಮುಖ ಅಮ್ಮಾ, ಅಮ್ಮಾ ಎನ್ನುತ್ತಿತ್ತು. ಕತ್ತರಿ ಕೆಳಗೆ ಬಿತ್ತು. ಸೂಜಿ ಕೈಗೆ ಬಂತು. ತಾನೇ ತೆಗೆದುಕೊಂಡಳೋ, ಅದೇ ಬಂತೋ. ಒಂದು ಹೊಲಿಗೆ. ಔಷಧದಂಗಡಿ ಹೋಯಿತು. ಇನ್ನೊಂದು. ತವರುಮನೆ ಹೋಯಿತು. ಹೊಗೆ. ಬೆವರು. ತನ್ನ ಹೆತ್ತವ್ವನ ದನಿಯೊಂದು ಉಳಿದಿತ್ತು. ಅದನ್ನು ಹಿಡಿದುಕೊಂಡಳು. ಬಿಗಿಯಾಗಿ ಹಿಡಿದುಕೊಂಡಳು. ಸೂಜಿ ಇಳಿಯಿತು. ದನಿ ನಿಂತಿತು. ಹೂವು ತುಂಬಿತು.

ವಸಂತದ ನವರೋಜ್ ಹಬ್ಬಕ್ಕೆ ಬುಖಾರಾದಿಂದ ಮುದುಕಿಯೊಬ್ಬಳು ರೊಟ್ಟಿಯ ಗಂಟು ಹೊತ್ತು ಬಂದಳು. ಮಗಳು ಫೋನಿಗೂ ಸಿಗುತ್ತಿಲ್ಲವೆಂದು ಹೆದರಿ ಬಂದಿದ್ದಳು. ಬಾಗಿಲು ತೆಗೆದವಳನ್ನು ಕಂಡದ್ದೇ ಮಸ್ತೂರಾ ಎಂದು ಕೂಗಿ ಅಪ್ಪಿಕೊಂಡಳು, ಮುಖವೆಲ್ಲ ಸವರಿದಳು. ಬಾಗಿಲು ತೆಗೆದವಳು ಮೆಲ್ಲಗೆ ಬಿಡಿಸಿಕೊಂಡು ಯಾರು ಬೇಕಿತ್ತು ಎಂದು ಕೇಳಿದಳು.

“ಇವ್ರು ನಮ್ಮಮ್ಮ, ಗುಲ್ಸುಂ,” ಅಂದಳು ಅವಳ ಲಂಗ ಹಿಡಿದು ನಿಂತಿದ್ದ ಮುನೀರಾ. “ನೀವು ಯಾರು?”

ಮುದುಕಿ ಹೊಸಿಲ ಮೇಲೆಯೇ ಕೂತು ಅತ್ತಳು. ಹಬ್ಬದ ಸಿಹಿ ಕಲಕುತ್ತಿದ್ದ ರಿಸಾಲತ್ ಒಲೆಯ ಕಡೆ ಮುಖ ತಿರುಗಿಸಿದಳು. ಮನೆಯ ಒಡತಿ ಮಾತ್ರ ಅತಿಥಿಯನ್ನು ಹಾಗೆ ಬಿಡುವವಳಲ್ಲ. ಕೈಹಿಡಿದು ಒಳಗೆ ಕರೆತಂದು ಗೌರವದ ಜಾಗದಲ್ಲಿ ಕೂರಿಸಿದಳು, ಅಲ್ಲಿನ ಮರ್ಯಾದೆಯಂತೆ ಅರ್ಧ ಬಟ್ಟಲು ಚಹಾ ಸುರಿದು ಮುಂದಿಟ್ಟಳು, ತನ್ನ ತಲೆವಸ್ತ್ರದ ಅಂಚಿನಿಂದಲೇ ಅವಳ ಕಣ್ಣೊರೆಸಿದಳು.

“ಅಳಬೇಡಿ, ಅಮ್ಮಾ,” ಅಂದಳು. “ನಾನೂ ಮಗಳನ್ನ ಹೆತ್ತೋಳೇ, ನಿಮ್ಮ ಸಂಕಟ ನಂಗೆ ಗೊತ್ತಾಗ್ತದೆ. ಎಲ್ಲೇ ಇದ್ರೂ ನಿಮ್ಮ ಮಗಳು ನಿಮ್ಮನ್ನ ಮರೆತಿರಲ್ಲ.”