ಯಾವುದಕ್ಕೆ, ತಾತ?

"ನನ್ನನ್ನು ಕ್ಷಮಿಸು, ಉಲ್ಯಾ," ಎನ್ನುತ್ತ ಸವೇಲಿ ತಾತ ತಲೆ ಬಾಗಿಸಿದರು.



ಚರ್ಚಿನಲ್ಲಿ ಜನ ಎರಡು ಸಾಲಾಗಿ ಎದುರುಬದುರು ನಿಂತಿದ್ದರು. ನಾಳೆಯಿಂದ ಈಸ್ಟರ್‌ವರೆಗೂ ಉಪವಾಸ. ಅದಕ್ಕೆ ಮುಂಚೆ ಬರುವುದೇ ಈ ಕ್ಷಮೆಯ ಭಾನುವಾರ. ಒಬ್ಬರು ಬಾಗಿ "ನನ್ನನ್ನು ಕ್ಷಮಿಸು" ಅನ್ನಬೇಕು. ಇನ್ನೊಬ್ಬರು "ದೇವರು ಕ್ಷಮಿಸಲಿ, ನಾನೂ ಕ್ಷಮಿಸಿದ್ದೇನೆ" ಅನ್ನಬೇಕು. ದೊಡ್ಡವರು ಮಕ್ಕಳ ಮುಂದೆಯೂ ಬಾಗುತ್ತಾರೆ, ಪಾದ್ರಿಯೂ ಬಾಗುತ್ತಾರೆ. ಉಲ್ಯಾ ಅಲ್ಲಿಯವರೆಗೆ ಎಲ್ಲರಿಗೂ ಚಕಚಕನೆ ಬಾಗಿ, ಚಕಚಕನೆ ಉತ್ತರ ಹೇಳಿಕೊಂಡು ಬಂದಿದ್ದಳು. ತಾತನ ಮುಂದೆ ಮಾತು ನಿಂತುಹೋಯಿತು.

"ಯಾವುದಕ್ಕೆ, ತಾತ?" ಎಂದು ಕೇಳಿದಳು.

"ಏನು ಯಾವುದಕ್ಕೆ?"

"ಯಾವುದಕ್ಕೆ ಕ್ಷಮಿಸ್ಲಿ?"

"ಎಲ್ಲಾದಕ್ಕೂ! ಹಂಗೇ ಹೇಳೋದು ಕಣೇ, ಪದ್ಧತಿ ಅದು. ಬೇಗ ಹೇಳು, ಹಿಂದೆ ಜನ ಕಾಯ್ತಿದಾರೆ."

"ಎಲ್ಲಾದಕ್ಕೂ ಅಂದ್ರೆ ಯಾವುದಕ್ಕೆ?"

ಪಕ್ಕದಲ್ಲಿದ್ದ ಅಮ್ಮ ಅವಳ ತೋಳು ಚಿವುಟಿದಳು. "ಹೇಳೇ! ದೇವರ ಮುಂದೆ ನಿಂತ್ಕೊಂಡು ಹಟ ಮಾಡ್ತೀಯಾ?"

"ದೇವರ ಮುಂದೆ ಸುಳ್ಳು ಹೇಳಲ್ಲಮ್ಮ. ನಾನಿನ್ನೂ ಕ್ಷಮಿಸಿಲ್ಲ."

ತಾತನ ಕಿವಿಗಳು ಕೆಂಪಾದವು. ಅವರು ಮುಂದಿನವರ ಕಡೆಗೆ ಸರಿದರು.

ಜಗಳ ಶುರುವಾಗಿದ್ದು ಚಳಿಗಾಲದ ನಡುವೆ. ಒಂದು ಬೆಳಗಿನ ಜಾವ ಉಲ್ಯಾಳ ಮನೆಯ ಹಸು ಕೊಟ್ಟಿಗೆಯಿಂದ ತಪ್ಪಿಸಿಕೊಂಡು ಪಕ್ಕದ ಜಿಪರಮ್ಮನ ಅಂಗಳಕ್ಕೆ ನುಗ್ಗಿತ್ತು. ಹುಲ್ಲಿನ ಮೆದೆಯನ್ನು ಕಿತ್ತುಹಾಕಿ, ತಿಂದಷ್ಟು ತಿಂದು, ಉಳಿದಿದ್ದನ್ನು ಹಿಮದ ಕೆಸರಿನಲ್ಲಿ ತುಳಿದುಹಾಕಿತ್ತು. ಬೆಟ್ಟದ ಮೇಲೆ ಹೊಸ ಹುಲ್ಲು ಚಿಗುರುವವರೆಗೂ ಜಿಪರಮ್ಮನ ಕುರಿಗಳಿಗೆ ಇದ್ದ ಮೇವೇ ಅದು.

"ಇವಳೇ ಕೊಟ್ಟಿಗೆ ಬಾಗಿಲು ಹಾಕಿಲ್ಲ," ಎಂದು ತಾತ ಜಿಪರಮ್ಮನ ಅಂಗಳದ ನಡುವೆ ನಿಂತು ಕೂಗಿದ್ದರು.

"ಹಾಕಿದ್ದೆ! ಅಗುಳಿ ಕೂಡ ಹಾಕಿದ್ದೆ!"

"ಸುಳ್ಳಿ! ಮಾಡೋದೂ ಮಾಡಿ ಸುಳ್ಳು ಬೇರೆ!"

ಜಿಪರಮ್ಮನ ಮಗ ಎರ್ಮೆಕ್ ಉಲ್ಯಾಳ ಕ್ಲಾಸಿನವನು. ದಿನಾ ಅವಳ ಪೆನ್ಸಿಲ್ ಕೇಳಿ ತೆಗೆದುಕೊಳ್ಳುತ್ತಿದ್ದವನು ಮಾರನೇ ದಿನ ಅದನ್ನು ಮುಟ್ಟಲೂ ಇಲ್ಲ. "ನಮ್ಮ ಕುರಿಗಳು ಉಪವಾಸ ಬಿದ್ರೆ ನೀನೇ ಕಾರಣ, ಸುಳ್ಳಿ," ಎಂದ. ವಾರ ಕಳೆದ ಮೇಲೆ ಉಲ್ಯಾ ನೋಡಿದಳು. ತಾತ ಒಬ್ಬರೇ ಕೊಟ್ಟಿಗೆಗೆ ಹೊಸ ಅಗುಳಿ ಹೊಡೆಯುತ್ತಿದ್ದರು. ಹಳೆಯದು ನೆಲದ ಮೇಲೆ ಎರಡು ತುಂಡಾಗಿ ಬಿದ್ದಿತ್ತು. ಒಳಗೆಲ್ಲ ಹುಳ ತಿಂದು ಪುಡಿಯಾಗಿತ್ತು. ತಾತ ಅದರ ಬಗ್ಗೆ ಯಾರ ಹತ್ತಿರವೂ ಮಾತೆತ್ತಲಿಲ್ಲ.

ಚರ್ಚಿನಿಂದ ಬಂದ ಮೇಲೆ ಅಮ್ಮ ತೆಳ್ಳಗೆ ದೋಸೆ ಹುಯ್ದು, ಬೆಣ್ಣೆ ಸವರಿ, ತಟ್ಟೆಯ ತುಂಬ ಪೇರಿಸಿದಳು. ಬೆಣ್ಣೆ, ಹಾಲು ಇವತ್ತೇ ಕೊನೆ. ತಾತನ ಕುರ್ಚಿ ಖಾಲಿಯಾಗಿತ್ತು.

"ನೋಡು, ನಿನ್ನಿಂದ ತಾತ ತಿನ್ನೋಕೂ ಬಂದಿಲ್ಲ. ಒಂದು ಮಾತು ಹೇಳಿದ್ರೆ ಏನು ಹೋಗ್ತಿತ್ತು?"

ಉಲ್ಯಾಳಿಗೆ ತುತ್ತು ಇಳಿಯಲಿಲ್ಲ. ಆದರೂ ಸೋಲಲು ಮನಸ್ಸಾಗಲಿಲ್ಲ. ಎದ್ದು ಕೋಟು ಹಾಕಿಕೊಂಡು ಕೊಟ್ಟಿಗೆಗೆ ಹೋದಳು. ತಾತ ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಅವಳ ಕಡೆ ನೋಡಲಿಲ್ಲ.

"ಬಾಗಿಲು ನೀನು ಹಾಕಿದ್ದೆ," ಎಂದರು. "ಅಗುಳಿ ಹಾಳಾಗಿತ್ತು. ನಂಗೆ ಚಳಿ ಶುರುವಾಗೋಕೆ ಮುಂಚೆನೇ ಗೊತ್ತಿತ್ತು. ನಾಳೆ ಮಾಡೋಣ, ನಾಡಿದ್ದು ಮಾಡೋಣ ಅಂತ ಬಿಟ್ಟೆ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ನಾಚಿಕೆ ಆಯ್ತು." ತಾತ ಗಡ್ಡ ಕೆರೆದುಕೊಂಡರು. "ಈಗ ಹೇಳಿದ್ನಲ್ಲ. ಆಯ್ತಲ್ಲ?"

ಉಲ್ಯಾಳಿಗೆ ಆಯ್ತು ಅಂದುಬಿಡೋಣ ಅನ್ನಿಸಿತು. ಆದರೆ ತಲೆ ಅಡ್ಡಡ್ಡ ಆಡಿಸಿದಳು.

"ನನ್ನನ್ನ ಸುಳ್ಳಿ ಅಂದಿದ್ದು ಇಲ್ಲಲ್ಲ, ತಾತ. ಅವರ ಅಂಗಳದಲ್ಲಿ."

ತಾತ ಮಂಡಿ ಹಿಡಿದುಕೊಂಡು ಎದ್ದರು. "ನಡಿ," ಎಂದರು.

ಜಿಪರಮ್ಮ ಹಿಮದ ಮೇಲೆ ಕಂಬಳಿ ಹಾಸಿ, ಧೂಳು ಹೋಗಲೆಂದು ಬಡಿಯುತ್ತಿದ್ದಳು. ಎರ್ಮೆಕ್ ಸೌದೆ ಒಟ್ಟುತ್ತಿದ್ದ.

"ಬನ್ನಿ, ಬನ್ನಿ, ಸವೇಲಜ್ಜ! ಟೀ ಇಟ್ಟಿದೀನಿ."

"ಟೀ ಆಮೇಲೆ ಕಣಮ್ಮ." ತಾತ ತುಪ್ಪಳದ ಟೋಪಿ ತೆಗೆದರು. ಬೋಳು ತಲೆಗೆ ಗಾಳಿ ಹೊಡೆಯಿತು. "ಅವತ್ತು ಇಲ್ಲಿ ನಿಂತು ಈ ಹುಡುಗಿನ ಸುಳ್ಳಿ ಅಂದೆ. ಅವಳು ಹೇಳಿದ್ದೇ ನಿಜ. ಅಗುಳಿ ಕೆಟ್ಟಿತ್ತು, ರಿಪೇರಿ ಮಾಡದೇ ಇದ್ದೋನು ನಾನು. ನಿನ್ನ ಕುರಿಗಳಿಗೆ ನಮ್ಮ ಹುಲ್ಲಲ್ಲಿ ಅರ್ಧ ತಂದು ಹಾಕ್ತೀನಿ."

ಎರ್ಮೆಕ್ ಕೈಯಲ್ಲಿದ್ದ ಸೌದೆಯನ್ನು ಹಿಡಿದುಕೊಂಡೇ ನಿಂತ. ತಾತ ಉಲ್ಯಾಳ ಕಡೆ ತಿರುಗಿದರು. ಚರ್ಚಿನಲ್ಲಿ ಬಾಗಿದಂತೆ ಅಲ್ಲ, ಬೆರಳು ಹಿಮಕ್ಕೆ ತಾಗುವಷ್ಟು ಬಾಗಿದರು.

"ಅದಕ್ಕೆ ನನ್ನನ್ನು ಕ್ಷಮಿಸು, ಉಲ್ಯಾ."

ಈಗ ಹೇಳಬೇಕು. ಅವಳು ಕೇಳಿದ್ದೆಲ್ಲ ಸಿಕ್ಕಿತ್ತು. ಆದರೆ ಎರ್ಮೆಕ್ ಅವಳನ್ನೇ ನೋಡುತ್ತಿದ್ದ. ಅವನ ನೋಟ ಏನು ಕೇಳುತ್ತಿದೆ ಎಂದು ಅವಳಿಗೆ ಗೊತ್ತಿತ್ತು. ಅವಳ ಮುಖ ಬಿಸಿಯಾಯಿತು.

"ತಾತ," ಎಂದಳು ಮೆಲ್ಲಗೆ. "ಸ್ಕೂಲಲ್ಲಿ ಎಲ್ಲರೂ ಸುಳ್ಳಿ ಅಂತಿದ್ರು. ಅದಕ್ಕೆ ನಾನು... ನೀನು ಅವತ್ತು ಕುಡಿದಿದ್ದೆ ಅಂತ ಹೇಳ್ಬಿಟ್ಟೆ. ಇಡೀ ಕ್ಲಾಸಿಗೆ."

ತಾತ ಕುಡಿಯುವವರಲ್ಲ. ಅದು ಬೀದಿಗೆಲ್ಲ ಗೊತ್ತಿತ್ತು. ಅವರು ಟೋಪಿಯನ್ನು ಎರಡೂ ಕೈಯಲ್ಲಿ ಹಿಸುಕುತ್ತ ನಿಂತರು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ.

ಉಲ್ಯಾ ಬಾಗಿದಳು. ಬೆಳಿಗ್ಗೆಯಿಂದ ಅಷ್ಟು ಜನಕ್ಕೆ ಬಾಗಿದ್ದಳು. ಒಮ್ಮೆಯೂ ನೆಲ ಇಷ್ಟು ದೂರ ಇರಲಿಲ್ಲ.

"ಅದಕ್ಕೆ ನನ್ನನ್ನು ಕ್ಷಮಿಸು, ತಾತ."

ತಲೆಯ ಮೇಲೆ ತಾತನ ಒರಟು ಕೈ ಬಂತು. "ದೇವರು ಕ್ಷಮಿಸಲಿ," ಎಂದರು ಅವರು, ಒಂದೊಂದೇ ಪದವನ್ನು ಹುಡುಕಿ ಹುಡುಕಿ ತೆಗೆಯುವವರಂತೆ. "ನಾನೂ ಕ್ಷಮಿಸಿದ್ದೇನೆ."

ಉಲ್ಯಾ ತಲೆಯೆತ್ತಿದಳು. ಈಗ ಅವಳ ಸರದಿ. ಅವಳೂ ಅವಸರ ಮಾಡದೆ ಒಂದೊಂದೇ ಪದ ಹೇಳತೊಡಗಿದಳು.