ಅರಸರ ಇಸಬು

ಮಣಿಕೋಟೆಯ ಏಳು ಬಾಗಿಲುಗಳಿಗೂ ಅಂದು ಮಾವಿನ ತೋರಣ. ರಾಜಬೀದಿಗೆ ನೀರು ಚಿಮುಕಿಸಿದ್ದರು. ಪಟ್ಟದಾನೆಯ ಹಣೆಗೆ ಸಿಂಧೂರ ಬಳಿದಿದ್ದರು. ಅರಮನೆಯ ಅಂಗಳದಲ್ಲಿ ಪುರಜನರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ಯುಗಾದಿಯ ದಿನ ಅರಸ ಬರಿಮೈಯಲ್ಲಿ ಕುಳಿತು ಎಲ್ಲರೆದುರು ಎಣ್ಣೆ ಹಚ್ಚಿಸಿಕೊಳ್ಳಬೇಕು. ಕುಂದಿಲ್ಲದ ದೇಹಕ್ಕೇ ಸಿಂಹಾಸನ ಎಂಬುದು ಆ ರಾಜ್ಯದ ಕಟ್ಟಳೆ.

ಚೆನ್ನಭೂಪಾಲ ಮೇಲುವಸ್ತ್ರ ತೆಗೆದ. ಮುಂದಿನ ಸಾಲಿನವರು ಹಿಂದೆ ಸರಿದರು. ಕತ್ತಿನ ಸುತ್ತ, ಮೊಣಕೈ ಮಡಿಕೆಗಳಲ್ಲಿ ಚರ್ಮ ದಪ್ಪಗಾಗಿ, ಕಪ್ಪಾಗಿ, ಒಡೆದು ಒಸರುತ್ತಿತ್ತು.

"ಕುಷ್ಠ" ಎಂದ ದಳವಾಯಿ ಎರೆಯಂಗ. ತಂಗಿಯ ಮಗನನ್ನು ಪಟ್ಟಕ್ಕೆ ತರಲು ಇಂಥ ದಿನಕ್ಕಾಗಿಯೇ ಕಾದಿದ್ದವನು ಅವನು. "ಕುಷ್ಠರೋಗಿ ಕೋಟೆಯೊಳಗೆ ಇರುವಂತಿಲ್ಲ."

ಅರಮನೆಯ ವೈದ್ಯ ದೇವಣಾರ್ಯ ಮುಂದೆ ಬಂದ. "ಕುಷ್ಠವಲ್ಲ. ಇಸಬು. ಪ್ರಭುಗಳಿಗೆ ತೊಟ್ಟಿಲಿನಿಂದಲೂ ಇದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ."

"ತೊಟ್ಟಿಲಿನಿಂದ ಇದ್ದದ್ದನ್ನು ಇನ್ನೂ ವಾಸಿ ಮಾಡಿಲ್ಲವೇ ಪಂಡಿತರೇ? ಇಲ್ಲಿಯವರೆಗೆ ಅರಮನೆಯ ತುಪ್ಪ ಮಾತ್ರ ಖಾಲಿ ಮಾಡಿದಿರೋ?" ಎಂದ ಎರೆಯಂಗ.

ಜನ ನಕ್ಕರು.

"ಬೇರುಸಹಿತ ಹೋಗುವ ರೋಗ ಇದಲ್ಲ. ಹತೋಟಿಯಲ್ಲಿ ಇಡಬಹುದು, ಹಿಂದಿನ ಯುಗಾದಿಗಳಲ್ಲಿ ಹಾಗೇ ಇಟ್ಟಿದ್ದೆ. ಸುಡುನೀರು ಬೇಡ, ಸೀಗೆಪುಡಿ ಬೇಡ. ಮಿಂದ ಮೈ ಆರುವ ಮೊದಲೇ ಎಣ್ಣೆ ಹಚ್ಚಿ, ಹಳೆಯ ಹತ್ತಿಬಟ್ಟೆ ಸುತ್ತಬೇಕು. ತುರಿಸಿದಷ್ಟೂ ಚರ್ಮ ಒಡೆಯುತ್ತದೆ, ಒಡೆದಷ್ಟೂ ತುರಿಕೆ. ಈ ಬೇಸಿಗೆಯಲ್ಲಿ ದಿನಕ್ಕೊಂದು ಒಡ್ಡೋಲಗ ಕರೆದು ಪ್ರಭುಗಳ ಮೈಮೇಲಿನ ಜರತಾರಿ ಇಳಿಯದಂತೆ ಮಾಡಿ ಇದನ್ನು ಕೆರಳಿಸಿದವರು ಯಾರು, ದಳವಾಯಿಗಳೇ?"

ಎರೆಯಂಗ ಪುರೋಹಿತರತ್ತ ತಿರುಗಿ ಮತ್ತೆ "ಕುಷ್ಠ" ಎಂದ.

"ಕುಷ್ಠ ಹಿಡಿದ ಚರ್ಮಕ್ಕೆ ನೋವು ತಿಳಿಯದು. ಕಾದ ಸೂಜಿ ತಾಗಿಸಿ ನೋಡಿ" ಎಂದ ದೇವಣಾರ್ಯ.

ಅಲ್ಲಿ ತಪ್ಪಿದ. ಪ್ರಜೆಗಳೆದುರು ಮುಖ ಕಿವುಚಬಾರದು ಎಂದು ಆ ವಂಶದ ಮಕ್ಕಳಿಗೆ ಎಳವೆಯಿಂದಲೇ ಕಲಿಸುತ್ತಾರೆ. ಸೂಜಿ ಚುರ್ರೆಂದಿತು. ಅರಸ ಕಲ್ಲಿನಂತೆ ಕುಳಿತಿದ್ದ.

"ಪ್ರಭು, ಕೂಗಿ" ಎಂದು ವೈದ್ಯ ಪಿಸುಗುಟ್ಟಿದ.

"ನೋಯುತ್ತಿದೆ" ಎಂದ ಅರಸ, ಶಾಂತವಾಗಿ.

"ಬಾಯಿ ಹೇಳಿತು. ಮೈ ಹೇಳಲಿಲ್ಲ" ಎಂದ ಎರೆಯಂಗ.

ಹಿರಿಯ ಪುರೋಹಿತರು ಎದ್ದು ನಿಂತರು. ತೀರ್ಪಿತ್ತರು. ಅಂಟುವುದಿಲ್ಲವೆಂದು ರುಜುವಾಗಲಿ. ಅರಸರ ಕೀವು ಹತ್ತಿದ ಪಟ್ಟಿಯನ್ನು ಒಬ್ಬರು ತಮ್ಮ ತೋಳನ್ನು ಕೆರೆದು ಕಟ್ಟಿಕೊಳ್ಳಲಿ. ದೀಪಾವಳಿಯ ತನಕ ಕೋಟೆಯಾಚೆ ಒಂಟಿಯಾಗಿರಲಿ. ಮದ್ದು ಕೂಡದು. ಆ ಮೈ ಶುದ್ಧವಿದ್ದರೆ ಅರಸರೇ ಅರಸರು.

"ನಾನೇ ಹೋಗುತ್ತೇನೆ" ಎಂದ ದೇವಣಾರ್ಯ.

"ನೀವು ಮದ್ದು ಬಲ್ಲವರು. ಬಂದ ರೋಗವನ್ನೂ ಮುಚ್ಚಿಡುತ್ತೀರಿ" ಎಂದ ಎರೆಯಂಗ.

ಹೆಂಗಸರ ಸಾಲಿನಿಂದ ವೈದ್ಯನ ಹೆಂಡತಿ ಮಾಳವ್ವೆ ಎದ್ದು ಬಂದಳು. ಅರಸರ ಎಣ್ಣೆ ಕಾಯಿಸುತ್ತಿದ್ದವಳು ಅವಳು. ಪಟ್ಟಿ ಒಗೆಯುತ್ತಿದ್ದವಳೂ ಅವಳೇ.

"ಹೆಂಗಸು ಸಭೆಗೆ ನುಗ್ಗುವುದು ಯಾವ ರಿವಾಜು?" ಎಂದ ಎರೆಯಂಗ.

"ಗಂಡಸರು ಯಾರೂ ಏಳಲಿಲ್ಲವಲ್ಲ ದಳವಾಯಿಗಳೇ, ಅದಕ್ಕೆ ಬಂದೆ. ಪಟ್ಟಿ ಕೊಡಿ."

ಹಳ್ಳದ ಆಚೆ ಗುಡಿಸಲು ಹಾಕಿದರು. ಸುತ್ತ ಮುಳ್ಳುಬೇಲಿ. ಕಾವಲಿನವರು ದಳವಾಯಿಯ ಆಳುಗಳು. ಅನ್ನದ ಮಡಕೆಯನ್ನು ಉದ್ದನೆಯ ಬಿದಿರಿನ ಗಳುವಿನಿಂದ ಬೇಲಿಯೊಳಗೆ ನೂಕುತ್ತಿದ್ದರು. ಅವಳು ಬಂದು ತೆಗೆದುಕೊಳ್ಳಬೇಕು.

ಮಳೆಗಾಲ ಬಂತು. ಅವಳಿಗೆ ಜ್ವರ ಬಂತು. ದೇವಣಾರ್ಯ ಕಷಾಯ ಹಿಡಿದು ಬೇಲಿಯ ಬಳಿ ನಿಂತ.

"ಮಾಳೀ, ಮೈ ಹೇಗಿದೆ?"

"ಚರ್ಮ ಚೆನ್ನಾಗಿದೆ."

"ನಾನು ಚರ್ಮ ಕೇಳಲಿಲ್ಲ."

"ನೀವು ಕೇಳಬೇಕಾದದ್ದು ಅದೊಂದೇ." ಅವಳು ಕೆಮ್ಮಿದಳು. "ಕೈಯಲ್ಲೇನು?"

"ಜ್ವರದ ಕಷಾಯ. ಕಾವಲಿನವನು ಆಚೆ ತಿರುಗಿದ್ದಾನೆ."

"ಅವನು ಬೇಕೆಂದೇ ತಿರುಗಿದ್ದಾನೆ. ನಾನು ಒಂದು ಗುಟುಕು ಕುಡಿದರೆ ಸಾಕು, ಮದ್ದಿನಿಂದಲೇ ಮೈ ಶುದ್ಧವಾಯಿತು ಅಂತಾರೆ. ಒಯ್ಯಿರಿ."

ಅವನು ಒಯ್ದ. ದಾರಿಯಲ್ಲಿ ಚೆಲ್ಲಲಿಲ್ಲ. ಮನೆಗೆ ತಂದು ಇಟ್ಟ. ಅದು ಆರಿತು.

ಆಮೇಲೆ ಅವಳಿಂದ ಮಡಕೆಯವರೆಗೆ ತೆವಳಲು ಆಗಲಿಲ್ಲ. ಕಾವಲಿನವರು ತುಂಬಿದ ಮಡಕೆಯ ಪಕ್ಕಕ್ಕೆ ಇನ್ನೊಂದು ಮಡಕೆ ನೂಕಿದರು. ಅಪ್ಪಣೆಯಾದದ್ದು ಅಷ್ಟೇ, ಅಷ್ಟನ್ನು ಮಾಡಿದರು.

ದೀಪಾವಳಿಯ ಮುನ್ನಾದಿನ ಅವಳು ತೀರಿಹೋದಳು. ಹೆಣವನ್ನು ಕೈಯಿಂದ ಮುಟ್ಟದೆ, ಚಾಪೆಯಲ್ಲಿ ಸುತ್ತಿ, ಗಳುವಿಗೆ ಕಟ್ಟಿ ಸಭೆಗೆ ತಂದರು. ಪಣ ಪಣವೇ. ದೇವಣಾರ್ಯ ತಾನೇ ಚಾಪೆ ಬಿಚ್ಚಿದ. ತೋಳಿನ ಪಟ್ಟಿ ಬಿಚ್ಚಿದ. ಕೆರೆದ ಗಾಯ ಎಂದೋ ಮಾಯ್ದು ಸಣ್ಣ ಬಿಳಿಗೆರೆಯಾಗಿತ್ತು. ಹಿರಿಯರು ದೂರದಿಂದಲೇ ಬಗ್ಗಿ ನೋಡಿದರು.

"ಬೆನ್ನು ತೋರಿಸಿ" ಎಂದ ಎರೆಯಂಗ.

ಗಂಡ ಅವಳನ್ನು ಹೊರಳಿಸಿದ. ಬೆನ್ನೆಲುಬು ಎಣಿಸುವಂತಿತ್ತು. ಚರ್ಮ ಮಾತ್ರ ಶುದ್ಧವಾಗಿತ್ತು.

"ಅಂಟುವುದಿಲ್ಲ" ಎಂದರು ಪುರೋಹಿತರು. ಸಭೆ ಜಯಘೋಷ ಮಾಡಿತು. ಅರಸ ದಳವಾಯಿಯ ಕತ್ತಿ ಕಸಿದುಕೊಂಡು ಅವನನ್ನು ಸೆರೆಗೆ ಕಳಿಸಿದ.

"ಚಟ್ಟಕ್ಕೆ ಹೆಗಲು ಕೊಡಿ" ಎಂದ ದೇವಣಾರ್ಯ.

ಯಾರೂ ಬರಲಿಲ್ಲ. ಜಯಘೋಷ ಮಾಡಿದವರು ಕೈ ಹಿಂದಕ್ಕೆ ಕಟ್ಟಿಕೊಂಡರು. ಚೆನ್ನಭೂಪಾಲ ಸಿಂಹಾಸನದಿಂದ ಎದ್ದ.

"ಪ್ರಭು, ಹೆಣ ಹೊತ್ತರೆ ಸೂತಕ" ಎಂದರು ಪುರೋಹಿತರು. "ಸೂತಕ ಕಳೆಯುವ ತನಕ ಸಿಂಹಾಸನ ಬರಿದು. ದಳವಾಯಿಯ ತಂಗಿಯ ಮಗ ಸೈನ್ಯದೊಡನೆ ಊರಾಚೆ ಇದ್ದಾನೆ."

ಅರಸ ಒಂದು ಮೆಟ್ಟಿಲು ಇಳಿದೇ ಬಿಟ್ಟ.

"ಕುಳಿತುಕೊಳ್ಳಿ ಪ್ರಭು" ಎಂದ ದೇವಣಾರ್ಯ. "ಅವಳು ಹೋದದ್ದು ಅದಕ್ಕೇ."

ಅರಸ ಕುಳಿತ. ದೇವಣಾರ್ಯ ಹೆಂಡತಿಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು ಹೊರಟ. ಸಭೆ ಇಬ್ಭಾಗವಾಗಿ ಅಗಲವಾಗಿ ದಾರಿ ಬಿಟ್ಟಿತು.